ಎರಡನೆಯ ತಂತಿ

ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದ ಚನ್ನವೀರ ಗುರುಗಳ ಮುಂದೆ ಕುಳಿತು ಕೇಳಿದ: “ಬುದ್ಧೀ, ಯಾವುದೂ ಕೆಡಬಾರದೆಂದು ಒಂದಕ್ಕೆರಡು ಸಲ ನೋಡಿಕೊಳ್ಳುತ್ತೇನೆ. ಆದರೂ ಕೆಲಸ ಸಾಗುವುದಿಲ್ಲ, ದಣಿವು ಆರುವುದಿಲ್ಲ. ಏಕೆ ಹೀಗೆ?”

ಗುರುಗಳು ಹೇಳಿದರು:

ಗೂಳಪ್ಪನೆಂಬ ಒಬ್ಬ ತಂತ್ರಜ್ಞನಿದ್ದ. ತಂತಿ ಎಳೆದು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಅವನ ಕಸುಬು. ಕೈ ಪಳಗಿತ್ತು, ಮನಸ್ಸು ಅಂಜುತ್ತಿತ್ತು. ಹಿಂದೆ ಎಲ್ಲೋ ಇಲಿ ತಂತಿ ಕಡಿದಾಗ ನಾಲ್ಕು ಜನರೆದುರು ಮಾತು ಕೇಳಿಸಿಕೊಂಡಿದ್ದ. ಅಂದಿನಿಂದ ಅವನಿಗೆ ನಿದ್ದೆ ಅಷ್ಟಕ್ಕಷ್ಟೆ.

ಒಂದು ಹೆರಿಗೆ ಆಸ್ಪತ್ರೆಯವರು ಅವನನ್ನು ಕರೆಸಿದರು. ಕೆಳಗೆ ರಕ್ತ ಪರೀಕ್ಷೆಯ ಕೋಣೆ, ಮೇಲೆ ಬಾಣಂತಿಯರ ವಾರ್ಡು. ಕೆಳಗಿನ ವರದಿ ಕಂಪ್ಯೂಟರಿನಲ್ಲೇ ಮೇಲಕ್ಕೆ ಹೋಗಬೇಕು. ಗೂಳಪ್ಪ ಮೊದಲು ಇಡೀ ಕಟ್ಟಡ ಸುತ್ತಿದ. ಯಾರು ಎಲ್ಲಿ ಕೂರುತ್ತಾರೆ, ಮುಂದೆ ಯಾವ ಕೋಣೆಗೆ ಕಂಪ್ಯೂಟರು ಬಂದೀತು, ಯಾವ ಗೋಡೆ ಹಿಡಿದು ಹೋದರೆ ತಂತಿ ನೀರಿಗೂ ಕರೆಂಟಿಗೂ ದೂರ ಉಳಿದೀತು ಎಂದು ವಿಚಾರಿಸಿದ. ಆಮೇಲೆ ಮಹಡಿಗೊಂದು ಸ್ವಿಚ್ ಪೆಟ್ಟಿಗೆ ಕೂರಿಸಿದ. ಆ ಮಹಡಿಯ ತಂತಿಗಳೆಲ್ಲ ಬಂದು ಸೇರುವುದು ಅದಕ್ಕೆ. ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ದಾಟಿಸುವುದೂ ಅದೇ. ಎರಡು ಪೆಟ್ಟಿಗೆಗಳ ನಡುವೆ ಒಂದು ತಂತಿ ಎಳೆದು ಪರೀಕ್ಷಿಸಿದ. ಕೆಳಗಿನ ವರದಿ ಆ ಕ್ಷಣವೇ ಮೇಲೆ ಮುಟ್ಟಿತು.

ಅಲ್ಲಿಗೆ ಮನೆಗೆ ಹೋಗಬಹುದಿತ್ತು. ಈ ಒಂದು ತಂತಿ ಕಡಿದುಹೋದರೆ ಗತಿಯೇನು ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಅದೇ ಎರಡು ಪೆಟ್ಟಿಗೆಗಳ ನಡುವೆ ಇನ್ನೊಂದು ತಂತಿ ಎಳೆದು ಸಿಕ್ಕಿಸಿದ. ಮತ್ತೆ ಪರೀಕ್ಷಿಸಲು ತ್ರಾಣ ಉಳಿದಿರಲಿಲ್ಲ.

ಮರುದಿನ ಒಂದು ವರದಿಯೂ ಮೇಲೆ ಹೋಗಲಿಲ್ಲ. ಗೂಳಪ್ಪ ಓಡಿಬಂದ. ತಂತಿಯ ತುದಿಗಳನ್ನು ಕತ್ತರಿಸಿ ಹೊಸದಾಗಿ ಕಟ್ಟಿದ. ಕೆಳಗಿನ ಪೆಟ್ಟಿಗೆಯನ್ನೇ ಬದಲಾಯಿಸಿದ. ಮೆಟ್ಟಿಲು ಹತ್ತಿದ, ಇಳಿದ. ಕಾಲು ಸೋತವು. ಮೇಲೆ ಒಬ್ಬ ಬಾಣಂತಿಗೆ ರಕ್ತಸ್ರಾವ ನಿಂತಿರಲಿಲ್ಲ. ಅವಳ ರಕ್ತದ ಗುಂಪು ಯಾವುದೆಂದು ಕೇಳಲು ದಾದಿಯೊಬ್ಬಳು ಏದುಸಿರು ಬಿಡುತ್ತ ಕೆಳಗಿಳಿದಳು. ಆಸ್ಪತ್ರೆಯ ಡಾಕ್ಟರಮ್ಮ ಮೆಟ್ಟಿಲ ಬಳಿ ಬಂದು, “ಗೂಳಪ್ಪ, ಮೊದಲು ವರದಿಯ ಚೀಟಿಯಾದರೂ ಕೈಯಲ್ಲಿ ಬರುತ್ತಿತ್ತು” ಎಂದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ದಾದಿ ವರದಿಯನ್ನು ಕೈಯಲ್ಲೇ ಒಯ್ದಳು. ಬಾಣಂತಿಗೆ ರಕ್ತ ಕೊಟ್ಟರು. ಜೀವ ಉಳಿಯಿತು.

ಗೂಳಪ್ಪ ಪೆಟ್ಟಿಗೆಯ ಮುಂದೆ ಕುಸಿದು ಕುಳಿತ. ಏನು ಮಾಡಬೇಕೆಂದು ತೋಚದೆ ಸುಮ್ಮನೆ ಅದನ್ನೇ ನೋಡಿದ. ಎಲ್ಲರೂ ಊಟಕ್ಕೆ ಎದ್ದಿದ್ದರು, ಒಂದು ಕಂಪ್ಯೂಟರಿನ ಮುಂದೆಯೂ ಜನವಿರಲಿಲ್ಲ. ಆದರೂ ಪೆಟ್ಟಿಗೆಯ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಆಗ ಅವನಿಗೆ ಹೊಳೆಯಿತು. ಎಲ್ಲರಿಗೂ ಕೇಳಲೆಂದು ಒಂದು ಕಂಪ್ಯೂಟರು ಕೂಗಿದ ಮಾತು ಒಂದು ತಂತಿಯಲ್ಲಿ ಮೇಲೇರಿ, ಇನ್ನೊಂದರಲ್ಲಿ ಕೆಳಗಿಳಿದು, ಮತ್ತೆ ಮೇಲೇರುತ್ತಿತ್ತು. ಅಂಥ ಸುತ್ತನ್ನು ತಡೆಯಬಲ್ಲ ಪೆಟ್ಟಿಗೆಗಳೂ ಉಂಟು, ಇವು ಅಂಥವಲ್ಲ. ಅಂಥ ಮಾತುಗಳೇ ಸುತ್ತಿ ಸುತ್ತಿ ದಾರಿಯನ್ನೆಲ್ಲ ತುಂಬಿದ್ದವು. ವರದಿ ನುಸುಳಲು ಎಡೆಯಿರಲಿಲ್ಲ.

ಅವನು ಎರಡನೆಯ ತಂತಿಯನ್ನು ಕಿತ್ತ. ದೀಪಗಳು ತಣ್ಣಗಾದವು. ಬೆಳಗಿನಿಂದ ತಡೆದು ನಿಂತಿದ್ದ ವರದಿಗಳು ಮೇಲೆ ಹೋದವು.

ಡಾಕ್ಟರಮ್ಮ ಕೇಳಿದರು: “ಉಳಿದ ಈ ಒಂದು ತಂತಿ ಕಡಿದರೆ?”

“ಹೇಳಿಕಳಿಸಿ ಅಮ್ಮಾ, ಬಂದು ಜೋಡಿಸುತ್ತೇನೆ” ಎಂದ ಗೂಳಪ್ಪ. ಮನೆಗೆ ಹೋಗಿ ಕೈಕಾಲು ತೊಳೆದು ಮಲಗಿದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಗಾಢ ನಿದ್ದೆ ಹತ್ತಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಕೇಳಿದ: “ಆಮೇಲೆ ಆ ತಂತಿ ಕಡಿಯಿತೇ, ಬುದ್ಧೀ?”

“ಅದನ್ನು ಕೇಳದೆಯೇ ಅವನು ಮಲಗಿದ” ಎಂದರು ಗುರುಗಳು.