ವಸ್ತಾದನ ಬೆನ್ನು

“ಅಜ್ಜಾರ, ನೋವು ಮುಚ್ಚಿಟಗೊಂಡು ಓಡೋ ಹುಡುಗಿನ್ನ ಹ್ಯಾಂಗ ತಡೀಬೇಕ್ರಿ?” ಎಂದು ಶಿವಪುತ್ರ ಮಠದ ಗುರುಗಳನ್ನು ಕೇಳಿದ. ಅವನು ಶಾಲೆಯ ಮಕ್ಕಳಿಗೆ ಓಟ ಕಲಿಸುವವನು. “ಜಿಲ್ಲಾ ಪಂದ್ಯಕ್ಕ ನಮ್ಮ ಸಾಲಿಂದ ಹೊಂಟಾಕಿ ಅಕಿ ಒಬ್ಬಾಕಿನ. ಹಿಮ್ಮಡ ಬಾತೈತಿ. ‘ಬ್ಯಾಡವಾ’ ಅಂದ್ರ ‘ಏನೂ ಆಗಿಲ್ರೀ ಸರ್’ ಅಂತ ನಗತಾಳ.”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಸ್ತಾದನಿದ್ದ. ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಲ್ವಾನರು ಲೋಕದಲ್ಲಿ ಬೇಕಾದಷ್ಟು ಮಂದಿ. ಈ ವಸ್ತಾದ ಹಾಗಲ್ಲ. ಹರೆಯದಿಂದ ಮುಪ್ಪಿನವರೆಗೆ ಯಾವ ಕಣದಲ್ಲೂ ಅವನ ಬೆನ್ನಿಗೆ ಮಣ್ಣು ಹತ್ತಿರಲಿಲ್ಲ. ತಾಯಂದಿರು ಮಕ್ಕಳನ್ನು ಗರಡಿಗೆ ಕಳಿಸುವಾಗ ಆ ಬೆನ್ನನ್ನು ತೋರಿಸಿಯೇ ಕಳಿಸುತ್ತಿದ್ದರು.

ಅವನ ಶಿಷ್ಯರಲ್ಲಿ ಒಬ್ಬ ಹುಡುಗ ಎಲ್ಲರಿಗಿಂತ ಮೇಲು. ದೇಸಾಯಿಯವರ ಕಣದಲ್ಲಿ ಪಕ್ಕದ ಸೀಮೆಯ ಪೈಲ್ವಾನನೊಡನೆ ಅವನ ಜೋಡಿ ಗೊತ್ತಾಯಿತು. ಹಲಗೆ ಬಾರಿಸಿ ಸಾರಿದ್ದೂ ಆಯಿತು. ಆ ಕಣಕ್ಕೆ ಒಂದು ಕಟ್ಟಳೆಯಿತ್ತು. ಜೋಡಿ ಸಾರಿದ ಮೇಲೆ ಹಿಂದೆ ಸರಿಯುವಂತಿಲ್ಲ. ಎರಡು ಗರಡಿಗಳಲ್ಲಿ ಒಂದು ಗರಡಿಯವರ ಬೆನ್ನು ಮಣ್ಣು ಮುಟ್ಟಲೇಬೇಕು.

ಅಭ್ಯಾಸದಲ್ಲಿ ಹುಡುಗನ ಮೊಣಕಾಲು ಹೊರಳಿತು. ಅವನು ಯಾರಿಗೂ ಹೇಳಲಿಲ್ಲ. ವಸ್ತಾದನ ಎದುರಿಗೆ ಕುಂಟದೆ ನಡೆಯುವುದೇ ಅವನಿಗೆ ದೊಡ್ಡ ಸಾಧನೆಯಾಯಿತು. ಕಣ್ಣಿಗೆ ಮಣ್ಣೆರಚಬಹುದು, ಮಾಲೀಶು ಮಾಡುವ ಕೈಗೆ ಸುಳ್ಳು ಹೇಳಲಾದೀತೇ? ಎಣ್ಣೆ ತಿಕ್ಕುತ್ತಿದ್ದ ಹೆಬ್ಬೆರಳು ಮೊಣಕಾಲಿನ ಪಕ್ಕಕ್ಕೆ ಬಂದಾಗ ಹುಡುಗ ಹಲ್ಲು ಕಚ್ಚಿದ. ಹೆಬ್ಬೆರಳು ಅಲ್ಲೇ ನಿಂತಿತು. ವಸ್ತಾದ ಎಲುಬು ಕೂಡಿಸುವವನನ್ನು ಕರೆಸಿದ. ಅವನು ನೋಡಿ, ಇನ್ನೊಮ್ಮೆ ಹೊರಳಿದರೆ ಈ ಹುಡುಗ ಬದುಕಿರುವವರೆಗೂ ಕೋಲೂರಿ ನಡೆಯಬೇಕು ಎಂದ.

“ಈ ಸಲ ಬ್ಯಾಡ” ಎಂದ ವಸ್ತಾದ.

ಹುಡುಗ ಅತ್ತುಬಿಟ್ಟ. “ಕಾಲು ಹೋದ್ರ ನಂದೊಂದು ಹೋಗತೈತ್ರಿ. ನಾ ಕಣಕ್ಕ ಇಳೀದಿದ್ರ ನಿಮ್ಮ ಹೆಸರ ಮಣ್ಣಾಗತೈತಿ.”

ವಸ್ತಾದ ಎಣ್ಣೆಯ ಬಟ್ಟಲು ಬದಿಗಿಟ್ಟ. “ಇದನ್ನ ನಾ ನಿನಗ ಯಾವಾಗ ಕಲಿಸಿದ್ನೋ” ಎಂದು ಎದ್ದು ಹೋದ. ಮತ್ತೆ ಬೇಡವೆನ್ನಲಿಲ್ಲ. ಒಪ್ಪಿದನೆಂದೇ ಹುಡುಗ ತಿಳಿದ.

ಕುಸ್ತಿಯ ದಿನ ಬಂತು. ಕಣದ ಸುತ್ತ ಇರುವೆ ನುಸುಳಲೂ ಎಡೆಯಿಲ್ಲದಷ್ಟು ಜನ. ಹುಡುಗ ಮೊಣಕಾಲಿಗೆ ಬಟ್ಟೆ ಬಿಗಿದು, ಲಂಗೋಟಿ ಕಟ್ಟಿ ನಿಂತಿದ್ದ. ಅವನ ಹೆಸರು ಕೂಗಿದರು. ಅವನು ಹೆಜ್ಜೆ ಎತ್ತುವ ಮೊದಲೇ ವಸ್ತಾದನ ಕೈ ಅವನ ಎದೆಗೆ ಅಡ್ಡ ಬಂತು. ಮುದುಕನ ಕೈ; ಆದರೂ ಅದನ್ನು ಸರಿಸುವುದು ಹುಡುಗನಿಂದ ಆಗಲಿಲ್ಲ.

ವಸ್ತಾದ ಅಂಗಿ ಕಳಚಿ ಹುಡುಗನ ಹೆಗಲಿಗೆ ಹಾಕಿದ. ಕಣಕ್ಕೆ ಇಳಿದು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಮುದುಕ ಕುಸ್ತಿ ಹಿಡಿಯುತ್ತಾನೆಂದು ಜನ ಕೇಕೆ ಹಾಕಿದರು. ಅವನು ಕಣದ ನಡುವೆ ಕುಳಿತ. ಆಮೇಲೆ ಮೆಲ್ಲಗೆ, ತನ್ನ ಮನೆಯ ಕಟ್ಟೆಯ ಮೇಲೆ ಮಲಗುವವನ ಹಾಗೆ, ಅಂಗಾತ ಮಲಗಿದ. ಎರಡು ಹೆಗಲೂ ಮಣ್ಣಿಗೆ ಹತ್ತಿದವು.

ಹಲಗೆಯ ಬಡಿತ ನಿಂತಿತು. ಎದುರಾಳಿ ಪೈಲ್ವಾನ ಗೆದ್ದೆನೆಂದು ಕೈ ಎತ್ತಬೇಕಾಗಿತ್ತು. ಅವನು ಎತ್ತಲಿಲ್ಲ, ಮಂಡಿಯೂರಿ ಮುದುಕನ ಪಾದ ಹಿಡಿದುಕೊಂಡ. ದೇಸಾಯಿಯವರು ಗಾದಿಯಿಂದ ಎದ್ದು ನಿಂತರು. ಎಂತೆಂಥ ಪೈಲ್ವಾನರನ್ನು ವಸ್ತಾದ ಎತ್ತಿ ಒಗೆದಿದ್ದನೆಂಬ ಕತೆಗಳನ್ನು ಹುಡುಗ ಚಿಕ್ಕಂದಿನಿಂದ ಕೇಳಿದ್ದ. ಇಷ್ಟು ದೊಡ್ಡದನ್ನು ಒಬ್ಬ ಮನುಷ್ಯ ಎತ್ತಿ ಒಗೆದದ್ದನ್ನು ಅವನು ನೋಡಿರಲಿಲ್ಲ, ಕೇಳಿರಲೂ ಇಲ್ಲ.

ವಸ್ತಾದ ಎದ್ದು ಬಂದ. ಬೆನ್ನ ತುಂಬ ಕೆಂಪು ಮಣ್ಣು. ಹುಡುಗ ಅದನ್ನು ಒರೆಸಲು ಕೈ ಚಾಚಿದ.

“ಇರಲಿ ಬಿಡು” ಎಂದ ವಸ್ತಾದ. “ಇಷ್ಟು ದಿನ ಇದರ ಅಂಜಿಕಿ ನಿನ್ನ ಕಾಲ ಮ್ಯಾಲ ಕುಂತಿತ್ತು. ಇನ್ನ ಆ ಕಾಲು ಮಾಯಲಿ.”

ಅಂಗಿ ಹಾಕಿಕೊಳ್ಳದೆ, ಪೇಟೆಯ ನಡುಬೀದಿಯಲ್ಲೇ ಅವನು ಮನೆಗೆ ನಡೆದ. ಅಂಗಡಿಗಳ ಜನ ಮೆಟ್ಟಿಲಿಳಿದು ಬಂದು ದಾರಿಯ ಎರಡೂ ಬದಿ ನಿಂತು ನೋಡಿದರು, ಯಾರೂ ನಗಲಿಲ್ಲ. ಹುಡುಗ ಅವನ ಹಿಂದೆ ಬಂದ. ಆ ದಿನ ಮೊದಲ ಸಲ, ಎಲ್ಲರೂ ನೋಡುವಂತೆ, ಮನಸಾರೆ ಕುಂಟಿದ.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು. ಶಿವಪುತ್ರ ಕಣ್ಣೊರೆಸಿಕೊಂಡ.

“ಮುಂದ ಆ ಹುಡುಗ ಗೆದ್ದನೇನ್ರಿ?” ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿದರು.

“ನಿನ್ನ ಹುಡುಗಿ ಓಡಿದ್ರ ನೋವು ಅಕಿ ಕಾಲಿಗೆ; ಓಡದಿದ್ರ ನೋವು ಯಾರಿಗೋ, ತಮ್ಮಾ?”