ಪೊರಕೆಯವಳ ಬಾಗಿಲು

"ಗುರುಗಳೇ, ನನ್ನ ಪಾಲಿಗೆ ಬಂದದ್ದನ್ನು ಮೊದಲು ಭದ್ರ ಮಾಡಿಕೊಂಡು, ಉಳಿದವರನ್ನು ಆಮೇಲೆ ನೋಡಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಪಟ್ಟಣದಂಚಿನ ಕೇರಿಯೊಂದರಲ್ಲಿ ನಲವತ್ತು ಗುಡಿಸಲುಗಳಿದ್ದವು. ಅಲ್ಲಿ ಪೊರಕೆ ಮಾರುವ ಹೆಂಗಸೊಬ್ಬಳಿದ್ದಳು. ಯಾರೋ ಕೆಡವಿದ ಮನೆಯ ಹಳೆಯ ಬಾಗಿಲನ್ನು ಬೇಡಿ ತಂದು, ತನ್ನ ಗುಡಿಸಲಿಗೆ ಕೂಡಿಸಿದ್ದಳು. ದಿನಾ ಬೆಳಿಗ್ಗೆ ಅದಕ್ಕೆ ಕುಂಕುಮ ಇಡುವಳು. ಕೇರಿಯಲ್ಲಿ ಅಂಥ ಬಾಗಿಲುಗಳು ಒಂಬತ್ತೇ. ಮಿಕ್ಕವರಿಗೆಲ್ಲ ಗೋಣಿತಟ್ಟೇ ಬಾಗಿಲು.

ಒಂದು ದಿನ ಅಧಿಕಾರಿಯೊಬ್ಬ ಬಂದ. "ನಾಳೆ ಬಾಗಿಲುಗಳ ಮೇಲೆ ನಂಬರು ಬರೆಯುತ್ತೇವೆ. ನಂಬರು ಬಿದ್ದವರಿಗೆ ಜಾಗದ ಹಕ್ಕುಪತ್ರ. ಬಾಗಿಲಿಲ್ಲದ್ದು ಮನೆಯಲ್ಲ, ಅಂಥವರು ಜಾಗ ಬಿಡಬೇಕು" ಎಂದು ಹೇಳಿ ಹೋದ.

ಕೇರಿಯವರೆಲ್ಲ ನಲ್ಲಿಯ ಹತ್ತಿರ ಸೇರಿದರು. ಬಾಗಿಲಿದ್ದವರು ತಲೆ ಎತ್ತಲಿಲ್ಲ. ಪೊರಕೆಯವಳು ಆ ಪತ್ರಕ್ಕಾಗಿ ಹನ್ನೊಂದು ವರ್ಷ ಕಾದಿದ್ದಳು. ಅವಳೇ ಎದ್ದು ನಿಂತಳು.

"ನಲವತ್ತೂ ಒಂದೇ ಥರ ಇದ್ದರೆ ಅವನು ಆರಿಸುವುದು ಹೇಗೆ? ನಾನು ನನ್ನ ಬಾಗಿಲು ಕಳಚುತ್ತೇನೆ."

"ನಿನ್ನ ತಲೆ ನೆಟ್ಟಗಿದೆಯೇನವ್ವಾ? ಗಂಡನ ತಲೆಗಿಂತ ಆ ಬಾಗಿಲ ಕೀಲುಗಳಿಗೇ ಹೆಚ್ಚು ಎಣ್ಣೆ ಹಾಕಿದವಳು ನೀನು" ಎಂದ ಪಕ್ಕದ ಮುದುಕ.

"ಅದಕ್ಕೇ ಸಲೀಸಾಗಿ ಬರುತ್ತೆ ತಾತ. ಬಾ, ಒಂದು ಕೈ ಹಿಡಿ."

ಅವಳ ಬಾಗಿಲು ಇಳಿಯಿತು. ಅದನ್ನು ನೋಡಿ ಉಳಿದ ಎಂಟೂ ಇಳಿದವು.

ಮರುದಿನ ಬಣ್ಣದ ಡಬ್ಬಿ ಹಿಡಿದು ಬಂದ ಅಧಿಕಾರಿಗೆ ಕೇರಿಯಲ್ಲಿ ಒಂದು ಬಾಗಿಲೂ ಕಾಣಲಿಲ್ಲ. ಹಿಂದಿನ ದಿನ ಕುಂಕುಮದ ಬಾಗಿಲ ಮುಂದೆ ಕಂಡಿದ್ದ ಪೊರಕೆಯವಳನ್ನು ಅವನು ಗುರುತು ಹಿಡಿದ.

"ನಿನ್ನ ಬಾಗಿಲೆಲ್ಲಮ್ಮ? ತಂದು ನಿಲ್ಲಿಸು, ನಿನ್ನದೊಂದಾದರೂ ಬರೆದುಕೊಳ್ಳುತ್ತೇನೆ."

"ಪಕ್ಕದ ಗುಡಿಸಲಲ್ಲಿದೆ ಸ್ವಾಮಿ. ನೆಲ ಥಂಡಿ ಅಂತ ಅದರ ಮೇಲೆ ಬಾಣಂತಿಯನ್ನು ಮಲಗಿಸಿದ್ದೇವೆ. ಬೇಕಾದರೆ ನೀವೇ ಎಬ್ಬಿಸಿ."

ಅಧಿಕಾರಿ ಗೋಣಿತಟ್ಟು ಸರಿಸಿ ನೋಡಿದ. ತಾಯಿಯ ಮಗ್ಗುಲಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ತಟ್ಟನ್ನು ಮೆಲ್ಲನೆ ಇಳಿಬಿಟ್ಟ. ಆಮೇಲೆ ಕುಂಚ ಅದ್ದಿ, ಆ ಗುಡಿಸಲಿನ ಮಣ್ಣಿನ ಗೋಡೆಯ ಮೇಲೆ ಒಂದು ಎಂದು ಬರೆದ. ಸಂಜೆಯೊಳಗೆ ನಲವತ್ತು ಮುಟ್ಟಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಇನ್ನೂ ಪೊರಕೆಯವಳ ಬಳಿಯೇ ಇತ್ತು.

"ಅವನು ಡಬ್ಬಿ ಮುಚ್ಚಿಕೊಂಡು ಹಿಂದಿರುಗಿದ್ದರೆ, ಗುರುಗಳೇ? ಅವಳ ಜಾಗವೂ ಹೋಗುತ್ತಿತ್ತಲ್ಲ?"

"ಹೋಗುತ್ತಿತ್ತು ಮಗು. ಬಾಗಿಲು ಕಳಚುವಾಗ ಅವಳಿಗೆ ಅದು ಗೊತ್ತಿತ್ತು" ಎಂದರು ಗುರುಗಳು.