ದೋಣಿಗೆ ಕೊಡದ ಓಲೆಗರಿ ಕಟ್ಟು

ಸ್ವಲ್ಪ ಹತ್ತಿರ ಬನ್ನಿ. ನಾನು ಹೇಳಿದೆ ಅಂತ ಎಲ್ಲೂ ಬಾಯಿಬಿಡಬೇಡಿ, ಹೊಟ್ಟೆಯಲ್ಲೇ ಇಟ್ಟುಕೊಳ್ಳಿ.

ಹೊಳೆದಂಡೆಯ ಆಶ್ರಮದಲ್ಲಿ ಮುರಿಗೆಪ್ಪ ಗುರುಗಳು ಲಿನಕ್ಸ್ ಅನ್ನೋ ಕಂಪ್ಯೂಟರ್ ವಿದ್ಯೆ ಕಲಿಸುತ್ತಿದ್ದರು. ನಮ್ಮ ಪಕ್ಕದ ಮನೆಯ ಮಂದಾಕಿನಿ ಅವರ ಶಿಷ್ಯೆ. ಕಮಾಂಡುಗಳೆಲ್ಲ ನಾಲಿಗೆ ತುದಿಯಲ್ಲಿ, ಜಂಬ ಮೂಗಿನ ತುದಿಯಲ್ಲಿ.

ಇದು ನಡೆದ ಮಾರನೆ ದಿನ ಒಂದು ದೊಡ್ಡ ಆಸ್ಪತ್ರೆಯವರು ಬರುವವರಿದ್ದರು. ಗುರುಗಳು ಬೆರಳು ತೋರಿಸಿದವರಿಗೆ ಅವರ ಸರ್ವರುಗಳ ಉಸ್ತುವಾರಿ. ಹುಡುಗಿಗೆ ಅನ್ನ ಸೇರುತ್ತಿರಲಿಲ್ಲ.

ಆ ಗಾಬರಿಯಲ್ಲೇ ಎಡವಿದಳು. ಪರದೆಯ ಮೇಲೆ ಎರಡು ಕಪ್ಪು ಕಿಟಕಿ: ಒಂದು ಅಭ್ಯಾಸದ ಯಂತ್ರದ್ದು, ಇನ್ನೊಂದು ಅಸಲಿಯದು. ಅಳಿಸುವ ಕಮಾಂಡನ್ನು ಅಸಲಿಗೇ ಕೊಟ್ಟಳು. ಊರೂರಿನಿಂದ ತರಿಸಿ ಆಶ್ರಮದವರು ತೆಗೆದಿಟ್ಟಿದ್ದ ಹಳೆಯ ಓಲೆಗರಿಗಳ ಚಿತ್ರಗಳೆಲ್ಲ ಮಾಯ!

ಹಿಂದಿನ ದಿನದ ಬ್ಯಾಕಪ್ಪಿನಿಂದ ಎಲ್ಲ ವಾಪಸು ಬಂತು. ಅಂದು ಬೆಳಿಗ್ಗೆ ಸೇರಿಸಿದ ಇನ್ನೂರು ಗರಿಗಳ ಚಿತ್ರ ಮಾತ್ರ ಬರಲಿಲ್ಲ. ಕ್ಯಾಮೆರಾದಲ್ಲಿದ್ದವನ್ನು ಆಗಲೇ ಅಳಿಸಿಯಾಗಿತ್ತು.

ಆಗ ಏನು ಮಾಡಿದಳು ಗೊತ್ತೇ? ತಾನು ಕೊಟ್ಟ ಕಮಾಂಡುಗಳ ದಾಖಲೆಯನ್ನೇ ಒರೆಸಿಹಾಕಿದಳು. ಬೆಕ್ಕು ಮಣ್ಣು ಮುಚ್ಚಿದ ಹಾಗೆ.

ಮಧ್ಯಾಹ್ನ ಗುರುಗಳು ಕೇಳಿದರು, "ಬೆಳಿಗ್ಗೆ ಏನು ಮಾಡಿದೆ ಮಗಳೇ?"

"ಏನೂ ಇಲ್ಲ ಗುರುಗಳೇ."

"ಯಂತ್ರವೂ ಅದನ್ನೇ ಹೇಳುತ್ತಿದೆ. ಬೆಳಗಿನಿಂದ ಯಾರೂ ಅದನ್ನು ಮುಟ್ಟೇ ಇಲ್ಲವಂತೆ. ಹಾಗಾದರೆ ಬೆಳಿಗ್ಗೆ ಇನ್ನೂರು ಗರಿ ಸೇರಿಸಿದ್ದು ಯಾರೋ!"



ಗುರುಗಳು ಆ ಇನ್ನೂರು ಓಲೆಗರಿಗಳ ಕಟ್ಟನ್ನು ಅವಳ ಕೈಗಿಟ್ಟರು. "ಗರಿಯ ಒಡೆಯರು ದೋಣಿ ಕಳಿಸಿದ್ದಾರೆ. ಚಿತ್ರ ತೆಗೆದಾಯಿತಲ್ಲ, ಕೊಟ್ಟು ಬಾ. ಇನ್ನು ಇದು ದೇವರ ಪೆಟ್ಟಿಗೆ ಸೇರುತ್ತೆ, ಯಾರ ಕಣ್ಣಿಗೂ ಬೀಳೋದಿಲ್ಲ."

ದಂಡೆಯಲ್ಲಿ ದೋಣಿಯವ ಕೈ ಚಾಚಿದ. "ಕೊಡವ್ವ, ಗಾಳಿ ಏಳ್ತಾ ಐತೆ."

ಕಟ್ಟು ಅವಳ ಕೈ ಬಿಡಲಿಲ್ಲ.

"ಏನವ್ವ, ಹೆತ್ತ ಕೂಸಾ ಅದು? ಹಂಗೆ ಅಪ್ಪಿಕೊಂಡಿದ್ದೀ!"

ನಾಳೆ ಸಿಗಬಹುದಾದ ಆಸ್ಪತ್ರೆಯ ಕೆಲಸ ನೆನೆದಳು. ಹೊಳೆ ನೋಡಿದಳು. ಕೊನೆಗೆ, "ಸ್ವಲ್ಪ ತಡಿ ಅಣ್ಣ" ಅಂದವಳೇ ಕಟ್ಟಿನ ಸಮೇತ ವಾಪಸು ಓಡಿದಳು.

"ಅಳಿಸಿದ್ದು ನಾನೇ ಗುರುಗಳೇ. ಒರೆಸಿದ್ದೂ ನಾನೇ. ನಾಳೆ ನನ್ನ ಹೆಸರು ಹೇಳಬೇಡಿ."

ಗುರುಗಳು ಒಂದು ಬಿಳಿ ಹಾಳೆ ತಂದು ಅವಳ ಮುಂದಿಟ್ಟರು. ಮುಖಕ್ಕೇ ಹೇಳಿದರು:

"ದೋಣಿ ಕಾಯಲಿ, ಮೊದಲು ಕಟ್ಟು ಬಿಚ್ಚಿ ಚಿತ್ರ ಮತ್ತೆ ತೆಗೆ. ಆಮೇಲೆ ನಡೆದದ್ದನ್ನೆಲ್ಲ ಸಾಲಾಗಿ ಬರೆ, ಒರೆಸಿದ್ದನ್ನೂ ಬಿಡಬೇಡ. ನಾಳೆ ನಿನ್ನ ಹೆಸರೇ ಹೇಳ್ತೀನಿ. ಅವರು ನಿನ್ನ ಪ್ರಮಾಣಪತ್ರ ಕೇಳಿದರೆ ಆ ಹಾಳೆಯನ್ನೇ ಕೊಡ್ತೀನಿ."